ಜುಮ್ ಅಂದ್ರೆ ಹೇಳಿ

ಶಾಲೆಯ ಬಸ್ಸು ಓಡಿಸುವ ಅವನಿಗೆ ಮಕ್ಕಳು ಇಟ್ಟ ಹೆಸರು ಹಾರ್ನ್ ಮಾಮ. ಅದೇ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ಅವನ ಹೆಂಡತಿ. ಮನೆಯಲ್ಲೂ ಅದೇ ಮುಖ, ಬಸ್ಸಿನಲ್ಲೂ ಅದೇ ಮುಖ, ಮುನಿಸಿಕೊಂಡು ಹೋಗೋಣ ಎಂದರೆ ಜಾಗವೇ ಇಲ್ಲ ಎಂದು ಅವಳು ನಗಾಡುತ್ತಿದ್ದಳು. ನಗು ಬಾರದಿದ್ದದ್ದು ಒಂದೇ ವಿಷಯಕ್ಕೆ. ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದರೂ ಮಹಾರಾಯ ಡಾಕ್ಟರ ಬಾಗಿಲು ತುಳಿಯುತ್ತಿರಲಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎಂದು ನಂಬಿದವರ ಪೈಕಿ.

ಬಲಗಾಲು ಯಾಕೋ ಸೋಲುತ್ತೆ ಎಂದು ಅವನು ಬಾಯಿಬಿಟ್ಟದ್ದೇ ತಡ, ಅವಳ ತಮ್ಮ ಒಂದು ಯಂತ್ರ ತಂದುಕೊಟ್ಟ. ಈ ತಮ್ಮ ಒಂದು ಜಿಮ್ಮಿನಲ್ಲಿ ಕಸರತ್ತು ಹೇಳಿಕೊಡುವವನು. ಅಂಗೈಯಷ್ಟು ದೊಡ್ಡ ಪೆಟ್ಟಿಗೆ, ಅದರಿಂದ ಹೊರಟ ತಂತಿಗಳು, ತಂತಿಯ ತುದಿಗೆ ಚರ್ಮಕ್ಕೆ ಅಂಟುವ ಪಟ್ಟಿಗಳು. ಸಣ್ಣಗೆ ಕರೆಂಟು ಹರಿಸಿ ಸ್ನಾಯುವನ್ನು ಕುಣಿಸುತ್ತದಂತೆ.

"ಎದೆ ಮೇಲೆ, ಕುತ್ತಿಗೆ ಮೇಲೆ ಅಂಟಿಸ್ಬೇಡ ಅಕ್ಕಾ. ಗಾಯ ಇದ್ದ ಕಡೆ ಬೇಡ. ಕೆಳಗಿನ ನಂಬರಿಂದ ಶುರು ಮಾಡಿ ನಿಧಾನಕ್ಕೆ ಏರಿಸು. ಭಾವ ಜುಮ್ ಅಂತು ಅಂದ ತಕ್ಷಣ ನಿಲ್ಸು," ಎಂದ ತಮ್ಮ. ಆಮೇಲೆ ಏನೋ ನೆನಪಾದಂತೆ, "ಭಾವಂಗೆ ಸಕ್ಕರೆ ಅಲ್ವಾ, ಕಾಲಲ್ಲಿ ಸ್ಪರ್ಶ ಸರಿಯಾಗಿದೆ ತಾನೆ? ಸ್ಪರ್ಶ ಇಲ್ದಿದ್ರೆ ಇದನ್ನ ಮುಟ್ಲೇಬಾರ್ದು. ಚರ್ಮ ಸುಟ್ರೂ ಗೊತ್ತಾಗಲ್ಲ," ಎಂದು ಕೇಳಿದ.

ಒಳಗಿನಿಂದ ಭಾವನೇ ಉತ್ತರ ಕೊಟ್ಟ. "ಎಲ್ಲಾ ಸರಿಯಾಗಿದೆ ಕಣೋ. ನಾನೇನು ಮರದ ಕೊರಡಾ?"

ಕಾಲು ಅವನದು, ಅವನ ಮಾತು ನಂಬದೆ ಇನ್ನಾರ ಮಾತು ನಂಬುವುದು?

ಭಾನುವಾರ ಮಧ್ಯಾಹ್ನ ಅವನು ಮಂಚದ ಮೇಲೆ ಕಾಲು ಚಾಚಿ, ಮುಖದ ಮೇಲೆ ಪೇಪರ್ ಹರಡಿಕೊಂಡು ಮಲಗಿದ. ಅವಳು ಮೊಣಕಾಲಿನ ಕೆಳಗೆ ಒಂದು ಪಟ್ಟಿ, ಅದರ ಕೆಳಗೆ ಇನ್ನೊಂದು ಪಟ್ಟಿ ಅಂಟಿಸಿ ಗುಂಡಿ ಒತ್ತಿದಳು. ನಂಬರ್ ತಪ್ಪಿಹೋದೀತು ಎಂದು ಅವಳ ಕಣ್ಣೆಲ್ಲ ಪೆಟ್ಟಿಗೆಯ ಮೇಲೆ.

"ಜುಮ್ ಅಂತಾ?"

"ಇಲ್ಲ."

ಏರಿಸಿದಳು. "ಈಗ?"

"ಊಹೂಂ."

ಇನ್ನಷ್ಟು ಏರಿಸಿದಳು. ಮಂಚದ ತುದಿಯಲ್ಲಿ ಟಕ್ ಟಕ್ ಎಂದು ಸದ್ದು ಕೇಳಿಸಿತು. ಪೇಪರಿನ ಅಡಿಯಿಂದ ಆರಾಮವಾದ ಧ್ವನಿ ಬಂತು. "ಸ್ವಿಚ್ಚೇ ಹಾಕಿಲ್ವೇನೋ ನೋಡೇ."

ಅವಳು ತಲೆಯೆತ್ತಿದಳು. ಅವನ ಪಾದ ಮೇಲಕ್ಕೆ ಕೆಳಕ್ಕೆ ಕುಣಿಯುತ್ತಿತ್ತು. ಹಿಮ್ಮಡಿ ಮಂಚದ ಮರಕ್ಕೆ ಹೊಡೆಯುತ್ತಿತ್ತು. ಕಾಲಿನ ಯಜಮಾನ ಮಾತ್ರ ಆಕಳಿಸುತ್ತಿದ್ದ.

ಹೇಗೆ ಆರಿಸಿದಳೋ ಅವಳಿಗೇ ತಿಳಿಯದು. ಪಟ್ಟಿ ಕಿತ್ತರೆ ಅದರ ಅಚ್ಚಿನಲ್ಲೇ ಚರ್ಮ ಕೆಂಪಗಾಗಿತ್ತು, ಒಂದು ಅಂಚಿನಲ್ಲಿ ಬೊಬ್ಬೆ ಏಳುತ್ತಿತ್ತು.

"ರೀ, ಎದ್ದು ನೋಡಿ ಇಲ್ಲಿ. ಸುಟ್ಟಿದೆ."

ಅವನು ಎದ್ದು ನೋಡಿದ. ಬೊಬ್ಬೆಯನ್ನು ಬೆರಳಲ್ಲಿ ಒತ್ತಿಯೂ ನೋಡಿದ.

"ನಿಮಗೆ ಕಾಲು ಇದೆ ಅಂತಾದ್ರೂ ಗೊತ್ತಾಗುತ್ತಾ?"

"ಗೊತ್ತಾಗುತ್ತೆ. ಮೊಣಕಾಲಿಂದ ಕೆಳಗೆ ಸ್ವಲ್ಪ ಮಂಕು, ಅಷ್ಟೆ."

"ಬ್ರೇಕು ಹೆಂಗೆ ಒತ್ತೀರಿ ಮತ್ತೆ?"

"ನೋಡ್ಕೊಂಡು ಒತ್ತೀನಿ," ಎಂದ ಅವನು, ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಗೋಡೆ ನೋಡುತ್ತ. "ಬಗ್ಗಿ ಒಂದ್ಸಲ ನೋಡಿದ್ರೆ ಆಯ್ತು, ಕಾಲು ಅದರ ಮೇಲೆ ಇದೆಯೋ ಇಲ್ವೋ ಗೊತ್ತಾಗುತ್ತೆ."

ಪ್ರತಿ ಸ್ಟಾಪಿನಲ್ಲೂ ಅವನು ಬಗ್ಗಿ ನೋಡುವುದನ್ನು ಅವಳು ಕಂಡಿದ್ದಳು. ಬೂಟು ಹೊಳೀತಿದೆಯಾ ಅಂತ ನೋಡ್ತಾರೆ ನಿಮ್ಮ ಮಾಮ, ಎಂದು ಮಕ್ಕಳ ಎದುರು ಗೇಲಿ ಬೇರೆ ಮಾಡಿದ್ದಳು. ಈಗ ಶಾಲೆಯ ಮುಂದಿನ ಇಳಿಜಾರು ಕಣ್ಣಿಗೆ ಕಟ್ಟಿತು. ಪುಟಾಣಿಗಳು ಬಸ್ಸಿನ ಮುಂದೆಯೇ ರಸ್ತೆ ದಾಟುತ್ತವೆ. ಅವಳು ಬಂಪರಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ, ಆ ಕಡೆ ಈ ಕಡೆಯ ಗಾಡಿಗಳನ್ನು ತಡೆದು ನಿಲ್ಲುತ್ತಾಳೆ. ಹಿಂದೆ ನಿಂತ ಬಸ್ಸನ್ನು ಒಂದು ದಿನವೂ ತಿರುಗಿ ನೋಡಿದವಳಲ್ಲ.

"ನಾಳೆ ನೀವು ಬಸ್ಸು ಹತ್ತೋದು ಬೇಡ."

"ಹುಚ್ಚಾ ನಿಂಗೆ? ಇದು ಗೊತ್ತಾದ್ರೆ ಕೆಲಸ ಹೋಯ್ತು ಅಂತಲೇ ಲೆಕ್ಕ. ಈ ಕೆಲಸ ಬಿಟ್ರೆ ನಂಗೆ ಇನ್ನೇನು ಬರುತ್ತೆ?" ಅವನ ಮೊಂಡುತನ ಇಳಿಯಲಿಲ್ಲ. "ನೀನೇ ಪರೀಕ್ಷೆ ಮಾಡು. ಕಣ್ಣು ಮುಚ್ತೀನಿ. ಯಾವ ಬೆರಳು ಮುಟ್ತೀಯೋ ಹೇಳ್ತೀನಿ. ಸರಿಯಾದ್ರೆ ನಾಳೆ ನೀನು ಬಾಯ್ಮುಚ್ಕೊಂಡು ನನ್ನ ಜೊತೆ ಬಸ್ಸು ಹತ್ತಬೇಕು."

ಕಣ್ಣು ಬಿಗಿಯಾಗಿ ಮುಚ್ಚಿದ. ಅವಳು ಕೈ ಚಾಚಿದಳು. ಮುಟ್ಟಲು ಧೈರ್ಯ ಬರಲಿಲ್ಲ. ಅವನು ತಪ್ಪು ಹೇಳಿದರೂ ಭಯ, ಸರಿ ಹೇಳಿದರೆ ಇನ್ನೂ ಭಯ. ಕೈ ಹಿಂದಕ್ಕೆಳೆದು ಮಡಿಲಲ್ಲಿ ಇಟ್ಟುಕೊಂಡಳು.

"ಹೆಬ್ಬೆರಳು," ಎಂದ ಅವನು.

ಅವಳ ಕೈ ಮಡಿಲಲ್ಲೇ ಇತ್ತು.

"ಈಗ ಕಿರುಬೆರಳು. ಈಗ ನಡುವಿಂದು. ನೋಡ್ದ್ಯಾ?"

ಅವಳು ಸದ್ದಿಲ್ಲದೆ ಎದ್ದು ಕಿಟಕಿಯ ಹತ್ತಿರವಿದ್ದ ಫೋನ್ ತೆಗೆದುಕೊಂಡಳು. ಶಾಲೆಯ ಮೇಡಂ ನಂಬರು ಒತ್ತಿದಳು. ಆ ಕಡೆಯಿಂದ ಹಲೋ ಎಂದದ್ದೇ, "ಮೇಡಂ, ನಾಳೆಗೆ ಬೇರೆ ಡ್ರೈವರ್ ನೋಡಿ. ನಮ್ಮವರ ಕಾಲಿಗೆ ಸ್ಪರ್ಶ ಇಲ್ಲ. ಅವರ ಕೈಗೆ ಮಕ್ಕಳನ್ನ ಕೊಡಬಾರ್ದು," ಎಂದಳು. ಹೇಳುವಾಗಲೇ ಅಳು ಬಂತು.

ಅವಳ ದನಿ ಕಿಟಕಿಯ ಕಡೆಯಿಂದ ಬಂದದ್ದು ಕೇಳಿ ಅವನು ಕಣ್ಣು ಬಿಟ್ಟಿದ್ದ. ಫೋನ್ ಇಟ್ಟ ಮೇಲೆ ಬೈಯುತ್ತಾನೆ ಎಂದುಕೊಂಡಿದ್ದಳು. ಬೈಯಲಿಲ್ಲ, ಕೆಲಸದ ಮಾತೂ ಎತ್ತಲಿಲ್ಲ.

"ಒಂದನ್ನೂ ಮುಟ್ಲಿಲ್ವಾ?"

"ಇಲ್ಲ ರೀ."

"ಮುಟ್ಟಿದ ಹಾಗೇ ಇತ್ತಲ್ಲೇ ನಂಗೆ."

ಅವನು ಬಗ್ಗಿ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹಾಗೇ ಕೂತು, ಅವಳ ಕಡೆ ನೋಡದೆ, "ಡಾಕ್ಟರ ಹತ್ರ ನೀನೂ ಬಾ. ಒಬ್ನೇ ಹೋಗೋಕೆ ಹೆದರಿಕೆ ಆಗುತ್ತೆ," ಎಂದ.