ಶೇಂಗಾ ಸಂಘದ ಪರದೆಯ ಮೇಲೆ ಬಂದದ್ದು

ಸಂಘಮಿತ್ರಾಳನ್ನು ಕೆಲಸದಿಂದ ತೆಗೆದರು. ಕಾನಹೊಸಹಳ್ಳಿಯ ಶೇಂಗಾ ಬೆಳೆಗಾರರ ಸಂಘದಲ್ಲಿ ಅವಳು ಕಂಪ್ಯೂಟರ್ ಆಪರೇಟರ್. ಕಂಪ್ಯೂಟರಿನಲ್ಲಿ ಬೆತ್ತಲೆ ಚಿತ್ರ ಬಂದಾಗ ಅದರ ಮುಂದಿನ ಕುರ್ಚಿಯಲ್ಲಿ ಅವಳಿದ್ದಳು.

ಅದು 2006ರ ದಸರಾ ಕಳೆದು ಕಚೇರಿ ತೆರೆದ ಮೊದಲ ಬೆಳಿಗ್ಗೆ. ಶೇಂಗಾ ಕಿತ್ತು ಒಣಗಿಸಿದವರೆಲ್ಲ ಪೇಟೆಯ ಧಾರಣೆ ಕೇಳಲು ಸಂಘಕ್ಕೆ ಬರುವ ಕಾಲ. ಸದಸ್ಯೆ ಕೆಂಚಕ್ಕ ಮೇಜಿನ ಪಕ್ಕ ನಿಂತು, "ಚಳ್ಳಕೆರಿ ರೇಟು ನೋಡವ್ವ. ಅಲ್ಲಿ ಛಲೋ ಇದ್ರ ಅಲ್ಲಿಗೇ ಹೇರಿ ಕಳಸ್ತೀವಿ" ಅಂದಳು.

ಸಂಘಮಿತ್ರಾ ಇಂಟರ್ನೆಟ್ ತೆರೆದಳು. ದಿನವೂ ಮೊದಲು ಬರುತ್ತಿದ್ದ ಧಾರಣೆಯ ಪುಟ ಬರಲಿಲ್ಲ. ಬೇರೆ ಯಾವುದೋ ಪುಟ ಬಂತು. ಅದರ ಮೇಲೆ ಇನ್ನೊಂದು ಕಿಟಕಿ ಚಟ್ಟನೆ ತೆರೆಯಿತು. ಅದರೊಳಗೆ ಮೈಮೇಲೆ ನೂಲಿಲ್ಲದ ಹೆಂಗಸು. ಸಂಘಮಿತ್ರಾ ಬೆಚ್ಚಿ ಮುಚ್ಚಿದಳು. ಎರಡು ತೆರೆದವು. ಅವನ್ನು ಮುಚ್ಚುವಷ್ಟರಲ್ಲಿ ಪರದೆ ತುಂಬ ಅವೇ.

"ಅಯ್ಯಯ್ಯೋ! ಏನವ್ವ ಇವು, ಹಲ್ಕಾ ಚಿತ್ರ!" ಕೆಂಚಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಕಾರ್ಯದರ್ಶಿ ಪಂಚಾಕ್ಷರಪ್ಪ ಎದ್ದು ಬಂದು ನೋಡಿದ. ಏನಾಯಿತು ಎಂದು ಕೇಳಲಿಲ್ಲ. "ಯಾರೂ ಇಲ್ಲದಾಗ ಇದನ್ನ ನೋಡ್ಕೊಂತ ಕುಂದ್ರತಿದ್ದೇನು? ಏಳು, ನಡಿ ಮನಿಗೆ" ಅಂದ. ಹತ್ತು ಜನರ ನಡುವೆ ಅವಳು ಎದ್ದು ಹೋದಳು. ಸಂಜೆ ಅವನಿಂದ ಮಾತು ಬಂತು: ತಪ್ಪಾಯಿತು ಎಂದು ಬರೆದುಕೊಟ್ಟರೆ ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳುತ್ತೇವೆ, ಇಲ್ಲದಿದ್ದರೆ ಇಲ್ಲ.

ಸಂಘಮಿತ್ರಾಳ ತಾಯಿ ಕನಕಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಸುದ್ದಿ ಆಗಲೇ ಒಲೆಯ ಮುಂದೆ ಅವಳ ಕಿವಿಗೆ ಬಿದ್ದಿತ್ತು.

"ಬರಕೊಟ್ಟು ಬಿಡು ಮಗಳ. ಮಂದಿ ಬಾಯಿಗೆ ಬೀಳೋದು ಬ್ಯಾಡ."

"ನಾ ನೋಡಿಲ್ಲವ್ವ!"

"ಮತ್ತ ತಾನಾ ಬಂತಾ? ನಮ್ಮ ಮನಿ ಟಿವಿ ನಾವು ಹಚ್ಚಲಾರದ ಹತ್ತತೈತೇನು?"

ಹೆತ್ತ ತಾಯಿಯೇ ಹೀಗೆ ಕೇಳಿದಳು. ಊರು ಬಿಟ್ಟೀತೆ? ಆ ಪ್ರಶ್ನೆಗೆ ಉತ್ತರ ಬೇಕಿತ್ತು. ಸಂಘಮಿತ್ರಾ ಅಳುವುದನ್ನು ನಿಲ್ಲಿಸಿ ಕಾಯಿನ್ ಬೂತಿಗೆ ಹೋಗಿ ಓಬಳೇಶನಿಗೆ ಫೋನು ಮಾಡಿದಳು. ಅವನು ಕೂಡ್ಲಿಗಿಯಲ್ಲಿ ಕಂಪ್ಯೂಟರ್ ಕಲಿಸುವವನು. ಅವಳೂ ಅವನ ಹತ್ತಿರವೇ ಕಲಿತದ್ದು.

ಮರುದಿನ ಬೆಳಿಗ್ಗೆ ಬಂದವನು ಚಾ ಕುಡಿಯುತ್ತ ಕನಕಮ್ಮನಿಗೆ ಹೇಳಿದ: "ಅಮ್ಮ, ನೀವು ಕೂಡ್ಲಿಗಿ ಬಸ್ ಹತ್ತೀರಿ ಅಂತ ತಿಳ್ಕೊಳ್ರಿ. ದಾರಿಯಾಗ ಯಾವನೋ ಡ್ರೈವರನ್ನ ಕೆಳಗಿಳಿಸಿ, ತಾನಾ ಕುಂತು, ಬಸ್ಸು ತಂದು ಸೆರೆ ಅಂಗಡಿ ಮುಂದ ನಿಲ್ಲಿಸಿದ. ಕನಕಮ್ಮ ಕುಡಿಯಾಕ ಬಂದಾಳ ಅಂತ ಮಂದಿ ಅಂದ್ರ?"

"ಅಂದೋರ ಬಾಯಿ ಮ್ಯಾಲೆ ಹೊಡಿತೀನಿ."

"ಹಂಗಾ ಇದು. ಇಂಟರ್ನೆಟ್ ತೋರಿಸೋ ಪ್ರೋಗ್ರಾಮಿಗೆ ಬ್ರೌಸರ್ ಅಂತಾರ. ಅದನ್ನ ಹೊರಗಿನೋರು ವಶ ಮಾಡ್ಕೊಂತಾರ. ನಾವು ಹೋಗಬೇಕಂದಲ್ಲಿಗೆ ಹೋಗಲ್ಲ, ಅವರು ಒಯ್ದಲ್ಲಿಗೆ ಹೋಗತೈತಿ. ನನಗ ಇದರ ಮ್ಯಾಲೆ ಅನುಮಾನ. ಆದ್ರ ಮಷಿನ್ ನೋಡಲಾರದ ಹೇಳಂಗಿಲ್ಲ."

ಕನಕಮ್ಮ ಸೀರೆ ಸರಿಮಾಡಿಕೊಂಡಳು. "ನಡೀರಿ, ನಾನೂ ಬರ್ತೀನಿ."

ಸಂಘದ ಬಾಗಿಲಲ್ಲಿ ಪಂಚಾಕ್ಷರಪ್ಪ ಅಡ್ಡ ನಿಂತ. "ಹೊರಗಿನೋರು ಮುಟ್ಟಂಗಿಲ್ಲ."

ಒಳಗಿಂದ ಕೆಂಚಕ್ಕ ಕೂಗಿದಳು. "ಮುಟ್ಲಿ ಬಿಡ್ರಿ! ನನ್ನ ಷೇರೂ ಐತಿ ಇದರಾಗ. ನಿನ್ನಿಯಿಂದ ರೇಟು ಸಿಗವಲ್ದು, ಶೇಂಗಾ ಕಾಯಿ ಅಂಗಳದಾಗ ಬಿದ್ದೈತಿ." ಆಮೇಲೆ ಸಂಘಮಿತ್ರಾಳ ಕಡೆ ತಿರುಗಿ, "ಆದ್ರ ನಾ ಕಣ್ಣಾರ ಕಂಡೀನಿ ನೋಡವ್ವ, ಸುಳ್ಳು ಹೇಳಂಗಿಲ್ಲ" ಅಂದಳು.

"ನೀವು ಕಂಡಿದ್ದು ಚಿತ್ರ, ಕೆಂಚಕ್ಕ," ಅಂದ ಓಬಳೇಶ. "ಅದನ್ನ ತಂದೋರನ್ನ ಕಂಡೀರೇನು?"

ಕೆಂಚಕ್ಕ ಪರದೆ ಕಾಣುವ ಹಾಗೆ ಮೇಜಿನ ಹತ್ತಿರ ಬಂದು ನಿಂತಳು.

ಕಂಪ್ಯೂಟರ್ ಹಚ್ಚಿದರು. ಈ ಸಲ ಪರದೆಯ ಮೇಲೆ ಕೆಂಪು ಪಟ್ಟಿ ಬಂತು: ನಿಮ್ಮ ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ, ತೆಗೆಯಲು ಇಲ್ಲಿ ಒತ್ತಿ. "ಅದಾ ಹೇಳ್ತೈತಲ್ಲ" ಎಂದು ಪಂಚಾಕ್ಷರಪ್ಪ ಒತ್ತಲು ಕೈ ಚಾಚಿದ.

"ಕೈ ತೆಗೀರಿ!" ಓಬಳೇಶ ತಡೆದ. "ಮನಿಗೆ ಹೊಕ್ಕ ಕಳ್ಳ ಕೀಲಿ ರಿಪೇರಿ ಮಾಡ್ತೀನಿ ಅಂದ್ರ ಕೀಲಿಕೈ ಕೊಡ್ತೀರೇನು?"

ಓಬಳೇಶ ಮೊದಲು ಇಂಟರ್ನೆಟ್ಟಿನ ವೈರು ಕಿತ್ತ. ಕುರ್ಚಿಯಲ್ಲಿ ಸಂಘಮಿತ್ರಾಳನ್ನೇ ಕೂರಿಸಿದ. ಅವಳು ಕಂಟ್ರೋಲ್ ಪ್ಯಾನೆಲ್ ತೆರೆದು, ಒಳಗೆ ಯಾವ ಯಾವ ಪ್ರೋಗ್ರಾಮ್ ಇವೆ ಎಂದು ಒಂದೊಂದೇ ಓದಿದಳು. ಕನ್ನಡ ಟೈಪಿಂಗಿನದು ಅವಳು ಹಾಕಿದ್ದು. ಲೆಕ್ಕದ್ದು ಸಂಘದ್ದು. ಆಂಟಿವೈರಸ್ ಇತ್ತು, ಆದರೆ ಅವಧಿ ತೀರಿತ್ತು. ಹೊಸದು ಹಾಕಿಸಿ ಎಂದು ಅವಳು ಕೇಳಿದಾಗ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಕೊನೆಗೆ ಎರಡು ಹೆಸರು ಅವಳು ಹಿಂದೆಂದೂ ಕಾಣದವು. ಒಂದು, ಪುಕ್ಕಟೆ ಮುಹೂರ್ತ ನೋಡುವ ಪ್ರೋಗ್ರಾಮ್. ಇನ್ನೊಂದು ಏನೆಂದೇ ತಿಳಿಯದ್ದು.

"ಅಣ್ಣ, ತೆಗೀಲಾ?"

"ತಡಿ. ಯಾವತ್ತು ಬಂದ್ವು ನೋಡು ಮೊದಲು. ತೆಗೆದ ಮ್ಯಾಲೆ ಗುರುತು ಸಿಗಂಗಿಲ್ಲ."

ಅವಳು ಆ ಫೋಲ್ಡರುಗಳ ವಿವರ ತೋರಿಸುವ ಪ್ರಾಪರ್ಟೀಸ್ ತೆರೆದಳು. ಎರಡೂ ಬಂದ ತಾರೀಖು ಒಂದೇ: ಆಯುಧ ಪೂಜೆಯ ದಿನ. ಸಂಘಮಿತ್ರಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅವಳ ಕಿವಿ ಕೆಂಪಾಯಿತು.

"ಅವತ್ತು ಈ ಹುಡಿಗಿ ಒಳಗ ಎಲ್ಲಿತ್ರಿ?" ಎಂದು ಕೆಂಚಕ್ಕ ದನಿ ಎತ್ತಿದಳು. "ನಾ ಇಲ್ಲೇ ಇದ್ನೆಲ್ಲ. ಪೂಜಿ ಮುಗಿಯೋ ತನಕ ಆ ಕೇರಿಯೋರು ಹೊರಗಿರ್ರಿ ಅಂತ ನೀವಾ ಅಂದ್ರಿ. ಬಾಗಿಲ ಆಚೆ ನಿಂತಿತ್ತು ಪಾಪ. ಮಂಡಕ್ಕಿನೂ ಕೈ ಮುಟ್ಟಲಾರದ ಮ್ಯಾಲಿಂದ ಸುರಿದ್ರು. ಕಂಪ್ಯೂಟರಿಗೆ ಕುಂಕುಮ ಹಚ್ಚಾಕ ಗಳಿಗಿ ನೋಡ್ತೀನಿ ಅಂತ ಕುರ್ಚಿ ಎಳಕೊಂಡು ಕುಂತೋರು ನೀವಲ್ಲೇನ್ರಿ, ಸೆಕ್ರೆಟರಿ?"

ಪಂಚಾಕ್ಷರಪ್ಪ ಪರದೆಯ ಕಡೆ ಕೈ ತೋರಿಸಿದ. "ಪುಕ್ಕಟೆ ಅಂತ ಇತ್ತು... ಓಕೆ ಅಂತ ಬಂತು, ಒತ್ತಿದೆ. ಮತ್ತ ಬಂತು, ಮತ್ತ ಒತ್ತಿದೆ. ಯಾರು ಓದ್ತಾರ ಅದನ್ನೆಲ್ಲ?"

ದಿನವೂ ಆ ಯಂತ್ರವನ್ನು ಒರೆಸುವ, ನಡೆಸುವ ಕೈಗಳು ಪೂಜೆಯ ದಿನ ಮೈಲಿಗೆಯಾದವು. ಯಂತ್ರ ಕೆಟ್ಟ ದಿನ ಅದೇ ಕೈಗಳು ಅಪರಾಧಿಯಾದವು. ಬಾಗಿಲಾಚೆ ನಿಲ್ಲಿಸಿದ ಅವಮಾನವೇ ಅವಳ ಪರ ಸಾಕ್ಷಿಯಾಯಿತು. ಇಂಥ ಸಾಕ್ಷಿ ಯಾವ ಹೆಣ್ಣುಮಗಳಿಗೂ ಬೇಕಾಗದಿರಲಿ.

ಸಂಘಮಿತ್ರಾ ಎರಡನ್ನೂ ತೆಗೆದಳು. ಬ್ರೌಸರಿನ ಮೊದಲ ಪುಟವನ್ನು ಮತ್ತೆ ಧಾರಣೆಯ ಪುಟಕ್ಕೆ ಬದಲಿಸಿದಳು. ಕಂಪ್ಯೂಟರ್ ಆರಿಸಿ ಹಚ್ಚಿ ಬ್ರೌಸರ್ ತೆರೆದರೆ ಮೊದಲ ಪುಟದ ಜಾಗದಲ್ಲಿ ಮತ್ತೆ ಅದೇ ಅಪರಿಚಿತ ವಿಳಾಸ! ಬೇರು ಇನ್ನೂ ಒಳಗಿತ್ತು. ಓಬಳೇಶ ತಂದಿದ್ದ ಸಿಡಿಯಿಂದ ಹೊಸ ಆಂಟಿವೈರಸ್ ಹಾಕಿ ಇಡೀ ಕಂಪ್ಯೂಟರ್ ಜಾಲಾಡಿಸಿದರು. ಅಡಗಿ ಕೂತವು ಸಿಕ್ಕವು. ಮತ್ತೆ ಪುಟ ಬದಲಿಸಿ, ವೈರು ಸಿಕ್ಕಿಸಿದರು. ಚಳ್ಳಕೆರೆಯ ಧಾರಣೆ ಬಂತು.

"ಆಚೆ ಸರೀರಿ ಎಲ್ರೂ. ಮೊದಲು ನನ್ನ ರೇಟು ಓದವ್ವ" ಅಂದಳು ಕೆಂಚಕ್ಕ. ಓದಿಸಿಕೊಂಡ ಮೇಲೆ ಸಂಘಮಿತ್ರಾಳ ಹೆಗಲು ಹಿಡಿದು ಮೆಲ್ಲಗೆ, "ನಿನ್ನಿ ನಾ ಕಂಡಿದ್ದನ್ನ ಸಂತಿ ತುಂಬ ಹೇಳ್ಕೊಂತ ಹೋದ್ನೆವ್ವ. ಇವತ್ತು ಇದನ್ನೂ ಹೇಳ್ತೀನಿ" ಅಂದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಚೇರಿಯಲ್ಲೋ ಮನೆಯಲ್ಲೋ ಕಂಪ್ಯೂಟರ್ ಇದ್ದರೆ ಇದು ನಿಮಗೂ ಆದೀತು. ಕೇಳದ ಪುಟ ಬಂದರೆ ಹೆದರಿ ಕಂಡಕಂಡದ್ದನ್ನು ಒತ್ತಬೇಡಿ. ಮೊದಲು ಇಂಟರ್ನೆಟ್ ವೈರು ತೆಗೆಯಿರಿ. ನೀವು ಹಾಕದ ಪ್ರೋಗ್ರಾಮ್ ಯಾವುದು, ಯಾವ ದಿನ ಬಂತು ನೋಡಿ, ಆಮೇಲೆ ತೆಗೆಯಿರಿ. ಆಂಟಿವೈರಸ್ ಹಳೆಯದಾಗಲು ಬಿಡಬೇಡಿ. ಆ ಕಂಪ್ಯೂಟರಿನಲ್ಲಿ ಬಳಸಿದ ಪಾಸ್‌ವರ್ಡುಗಳನ್ನು ಬೇರೆ ಒಳ್ಳೆಯ ಕಂಪ್ಯೂಟರಿನಿಂದ ಬದಲಿಸಿ. ಪುಕ್ಕಟೆ ಎಂದು ಕರೆಯುವುದನ್ನು ಓದದೆ ಒಪ್ಪಬೇಡಿ. ಇಷ್ಟೆಲ್ಲ ಮಾಡುವ ಮೊದಲೇ ಕುರ್ಚಿಯಲ್ಲಿ ಕೂತ ಹೆಣ್ಣಿನ ಕಡೆ ಬೆರಳು ತೋರಿಸುವವರಿದ್ದರೆ, ಆ ಬೆರಳನ್ನು ಕೆಳಗಿಳಿಸಿ.

ಪಂಚಾಕ್ಷರಪ್ಪ ಮಾತ್ರ ಇಳಿಸಲಿಲ್ಲ. ಜನ ಚದುರಿದ ಮೇಲೆ ಒಂದು ಬಿಳಿ ಹಾಳೆ ತಂದು ಸಂಘಮಿತ್ರಾಳ ಮುಂದಿಟ್ಟ.

"ಆದದ್ದಾತು. ಸಂಘದ ಮರ್ಯಾದಿ ಐತಿ. ತಿಳೀಲಾರದ ತಪ್ಪಾತು ಅಂತ ಒಂದಾ ಸಾಲು ಬರಿ, ನಾಳಿಂದ ಕೆಲಸಕ್ಕ ಬಾ."

"ಯಾರ ತಪ್ಪು ಅಂತ ಬರೀಲಿ ಸರ್?"

"ನಿಂದು ಅಂತ."

"ಬರಿಯಂಗಿಲ್ಲ."

ಅವನು ಕನಕಮ್ಮನ ಕಡೆ ತಿರುಗಿದ. "ನೀನರ ಬುದ್ಧಿ ಹೇಳು ಮಗಳಿಗೆ. ಕೆಲಸ ಬೇಕೋ ಬ್ಯಾಡೋ? ಬರಿ ಅನ್ನು."

ಕನಕಮ್ಮ ಬಂದು ಮಗಳ ಕುರ್ಚಿಯ ಹಿಂದೆ ನಿಂತಳು.

"ಅನ್ನಂಗಿಲ್ಲರಿ" ಅಂದಳು.