ಮುಚ್ಚುವ ಮುನ್ನ ಮೂರು ಏಟು

ಗುಡುಗಕ್ಕನ ಕೋಪ ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದು ಬರುತ್ತಿತ್ತು. ಎಡಗಾಲನ್ನು ತುಸು ಎಳೆದು ಬಲಗಾಲನ್ನು ನೆಲಕ್ಕೆ ಅಪ್ಪಳಿಸುವ ಆ ನಡಿಗೆಯ ಸಪ್ಪಳ ಕೇಳಿಸಿತೆಂದರೆ ಸಾಕು, ಲಾಂಡ್ರಿಯ ಹೆಂಗಸರೆಲ್ಲ ಹರಟೆ ನುಂಗಿಕೊಂಡು ಹೊದಿಕೆ ಮಡಿಸುವುದರಲ್ಲಿ ತಲ್ಲೀನರಾಗುತ್ತಿದ್ದರು. ಮೈಮೇಲೆ ಗಂಡಸರ ಕಂದು ಕೋಟು, ಅದಕ್ಕೆ ಉಳಿದಿದ್ದುದು ಒಂದೇ ಗುಂಡಿ. ಹೋಟೆಲುಗಳ ಹಾಸು ಹೊದಿಕೆಗಳನ್ನು ಒಗೆಯುವ ಆ ಲಾಂಡ್ರಿಯಲ್ಲಿ ಹರಿದದ್ದಕ್ಕೆ ಹೊಲಿಗೆ ಹಾಕುವ ಕೆಲಸ ನನ್ನದು. ಒಣಗಿಸುವ ಯಂತ್ರಗಳು ಅವಳವು. ಯಂತ್ರದ ಬಾಗಿಲು ಮುಚ್ಚುವ ಮುನ್ನ ಅದರ ಪಕ್ಕೆಗೆ ಅಂಗೈಯಿಂದ ಮೂರು ಏಟು ಬಾರಿಸಿ, ತಲೆ ಒಳಗೆ ಹಾಕಿ ನೋಡದೆ ಅವಳು ಗುಂಡಿ ಒತ್ತುತ್ತಿರಲಿಲ್ಲ. ಪಾಪ, ಯಂತ್ರಕ್ಕೂ ಪೆಟ್ಟು ತಪ್ಪಲಿಲ್ಲವೆಂದು ನಾವು ನಗುತ್ತಿದ್ದೆವು. ಹಿತ್ತಲಿಗೆ ಬೆಕ್ಕು ಬಂದ ದಿನದಿಂದ ಆ ಅಭ್ಯಾಸ ಶುರುವಾಗಿದೆಯೆಂಬುದು ಯಾರ ತಲೆಗೂ ಹೊಳೆದಿರಲಿಲ್ಲ.

ಬೂದು ಪಟ್ಟೆಯ ತುಂಬುಬಸುರಿ ಬೆಕ್ಕು ಅದು. ಚಳಿ ಮೂಳೆಗಿಳಿಯುವ ಕಾಲದಲ್ಲಿ, ನೆಲಕ್ಕೆ ತಾಗುವ ಹೊಟ್ಟೆ ಹೊತ್ತು, ಬೆಚ್ಚನೆಯ ಮೂಲೆ ಹುಡುಕಿಕೊಂಡು ಬಂದಿತ್ತು. ನಮ್ಮ ಮೇಲ್ವಿಚಾರಕರು ದನಿ ಏರಿಸಿದ್ದನ್ನು ಕೇಳಿದವರಿಲ್ಲ. ಅಂಥ ಸಜ್ಜನರು ಸಕ್ಕರೆಯಂಥ ದನಿಯಲ್ಲೇ ಹೇಳಿದರು: "ಹೊದಿಕೆಗೆ ಕೂದಲು ಅಂಟುತ್ತೆ. ಎಲ್ಲಾದ್ರೂ ದೂರ ಬಿಟ್ಟು ಬನ್ನಿ. ಪಾಪ, ಹೇಗೋ ಬದುಕ್ಕೊಳ್ಳುತ್ತೆ."

"ಈ ಚಳೀಲಿ, ಈ ಹೊಟ್ಟೆ ಹೊತ್ಕೊಂಡು?" ಎಂದಳು ಗುಡುಗಕ್ಕ. "ಒಂದಿನ ನೀವು ಆಚೆ ಮಲಗಿ ಬನ್ನಿ ಸ್ವಾಮಿ, ಆಮೇಲೆ ಮಾತಾಡೋಣ."

ಅವತ್ತೇ ಬಾಯ್ಲರ್ ಕೋಣೆಯ ಬೆಚ್ಚನೆಯ ಹೊರಗೋಡೆಗೆ ಒತ್ತಿ, ನಾಲ್ಕು ಇಟ್ಟಿಗೆಗಳ ಮೇಲೆ ಮರದ ಪೆಟ್ಟಿಗೆಯೊಂದನ್ನಿಟ್ಟಳು. ಗಾಳಿ ನುಗ್ಗದಂತೆ ಬೆಕ್ಕಿನ ಮೈಯಳತೆಯ ಕಿಂಡಿ ಕೊರೆದಳು. ಪಿಂಗಾಣಿ ಅಂಗಡಿಯವನೊಂದಿಗೆ ಜಗಳವಾಡಿ, ಬಟ್ಟಲುಗಳ ನಡುವೆ ತುರುಕುವ ಒಣಹುಲ್ಲನ್ನು ಚೀಲ ತುಂಬ ತಂದು ಒಳಗೆ ತುಂಬಿದಳು. ಕೋಟನ್ನಾದರೂ ಹಾಸಬಾರದೇ ಎಂದು ನಾನು ಕೇಳಿದ್ದೇ ತಪ್ಪಾಯಿತು.

"ಕೋಟು ನನಗೆ. ಬಟ್ಟೆ ನೀರು ಕುಡಿಯುತ್ತೆ. ಪೆಟ್ಟಿಗೆಗೆ ಯಾರಾದ್ರೂ ಕೈ ಹಾಕಿದ್ರೋ, ನೋಡ್ಕೋತೀನಿ."

ಕೈ ಹಾಕಿದವಳು ನಾನೇ. ಅವಳು ರಜೆಯಲ್ಲಿದ್ದ ದಿನ, ಬಾಣಂತಿಯಾಗಲಿರುವ ಜೀವವನ್ನು ಒರಟು ಹುಲ್ಲಿನ ಮೇಲೆ ಮಲಗಿಸುವುದೇ ಎಂದು ನನ್ನ ಕರುಳು ಚುರುಕ್ಕೆಂದಿತು. ಹುಲ್ಲನ್ನೆಲ್ಲ ಎಳೆದುಹಾಕಿ, ನಾಲ್ಕು ಮಡಿಕೆಯ ದಪ್ಪ ಉಣ್ಣೆಯ ಹೊದಿಕೆ ಹಾಸಿ, ಬಟ್ಟಲಲ್ಲಿ ಹಾಲಿಟ್ಟು, ನನ್ನ ಒಳ್ಳೆಯತನಕ್ಕೆ ನಾನೇ ಮೆಚ್ಚಿ ಮನೆಗೆ ಹೋದೆ. ಬೆಳಗಾಗುವಷ್ಟರಲ್ಲಿ ಚೆಲ್ಲಿದ ಹಾಲನ್ನೂ ಕಿಂಡಿಯಿಂದ ಒಳಬಂದ ಮಂಜನ್ನೂ ಹೊದಿಕೆ ಹೀರಿಕೊಂಡಿತ್ತು. ಒದ್ದೆ ಬಟ್ಟೆಯೊಂದಿಗೇ ಆಯುಷ್ಯ ಸವೆಸಿದವಳಿಗೆ ಅಷ್ಟು ಹೊಳೆಯಲಿಲ್ಲವೆಂದು ಇಂದಿಗೂ ನನ್ನ ಮೇಲೆ ನನಗೆ ಮೈ ಉರಿಯುತ್ತದೆ.

ಗುಡುಗಕ್ಕ ಬಂದು ಹೊದಿಕೆಯನ್ನು ಹೊರಗೆಳೆದು ಹಿಂಡಿದಳು. ನೀರು ತೊಟ್ಟಿಕ್ಕಿತು. ಅವಳು ಬೈಯಲಿಲ್ಲ, "ಬೆಕ್ಕೆಲ್ಲಿ?" ಎಂದಳು, ಅಷ್ಟೇ.

ಒಳಗೆ ಮೊದಲ ಸುತ್ತಿನ ಹೊದಿಕೆಗಳು ಆಗಷ್ಟೇ ಒಣಗಿ, ಬಿಸಿಬಿಸಿಯಾಗಿ, ಬಾಗಿಲು ತೆರೆದ ಯಂತ್ರದಲ್ಲೇ ಬಿದ್ದಿದ್ದವು. ಅಂಚು ಇನ್ನೂ ಹಸಿಯಾಗಿದೆಯೆಂದು ಮೇಲ್ವಿಚಾರಕರು ಮತ್ತೆ ಐದು ನಿಮಿಷ ಓಡಿಸಲು ಬಾಗಿಲು ತಳ್ಳುತ್ತಿದ್ದರು. ಅವಳು ಓಡಿದಳು. ಎಳೆಯುವ ಎಡಗಾಲು ಅಂದು ಎಳೆಯಲಿಲ್ಲ. ಮುಚ್ಚುತ್ತಿದ್ದ ಬಾಗಿಲ ಸಂದಿಗೆ ತೋಳು ಕೊಟ್ಟಳು. ಕಬ್ಬಿಣದ ಅಂಚು ತೋಳಿಗೆ ಬಡಿದ ಸದ್ದು ಅವಳ ಹಿಂದೆ ಓಡಿಬಂದ ನನಗೆ ಹಿತ್ತಲ ಬಾಗಿಲಲ್ಲೇ ಕೇಳಿಸಿತು. ಇನ್ನೊಂದು ಕೈಯಿಂದ ಯಂತ್ರದ ಪಕ್ಕೆಗೆ ಮೂರು ಏಟು ಹಾಕಿದಳು. ಒಳಗಿನ ಹೊದಿಕೆ ಅಲುಗಿತು. ಅದರ ಮಡಿಕೆಯಿಂದ ಬೂದು ಪಟ್ಟೆಯ ತಲೆಯೊಂದು ಮೇಲೆದ್ದಿತು.

"ನನಗೆ ಗೊತ್ತಿರ್ಲಿಲ್ಲ" ಎಂದರು ಮೇಲ್ವಿಚಾರಕರು, ಮೆಲ್ಲಗೆ.

"ಗೊತ್ತಿರಲ್ಲ ಅಂತಾನೇ ತಲೆ ಹಾಕಿ ನೋಡೋದು" ಎಂದಳು. ಆಮೇಲೆ ಆ ಒದ್ದೆ ಹೊದಿಕೆಯನ್ನು ತಂದು ನನ್ನ ಮೇಜಿನ ಮೇಲೆ ಎಸೆದಳು. "ಬಟ್ಟೆ ಮಧ್ಯಾನೇ ಮುದುಕಿ ಆಗ್ತಿದ್ದೀಯ. ಇಷ್ಟು ದೊಡ್ಡ ಮನಸ್ಸಿದೆ, ಒಂದು ಮಾತು ಕೇಳೋ ಕಿವಿ ಇಲ್ವಲ್ಲ ನಿನಗೆ."

ಹೊಸ ಹುಲ್ಲಿನ ಪೆಟ್ಟಿಗೆಯಲ್ಲಿ ಮೂರನೆಯ ದಿನ ಬೆಕ್ಕು ನಾಲ್ಕು ಮರಿ ಹಾಕಿತು. ಗುಡುಗಕ್ಕ ಅದರ ಮೈ ಸವರಿದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ; ಹುಲ್ಲು ಬದಲಿಸುವಾಗಲೂ ಅದಕ್ಕೆ ಬೈಯುತ್ತಲೇ ಇದ್ದಳು. ಅವಳ ತೋಳು ತಿಂಗಳುಗಟ್ಟಲೆ ಕಪ್ಪುಗಟ್ಟಿತ್ತು. "ಮುಚ್ಚುವ ಮುನ್ನ ಒಳಗೆ ನೋಡಿ" ಎಂಬ ಫಲಕವನ್ನು ಮೇಲ್ವಿಚಾರಕರು ತಮ್ಮ ರುಜುವಿನೊಂದಿಗೆ ಗೋಡೆಗೆ ಹಾಕಿಸಿದರು. ನೋಡಿದವರೆಲ್ಲ ಎಂಥ ಕರುಣಾಳು ಎಂದು ಅವರನ್ನೇ ಕೊಂಡಾಡಿದರು.

ಗುಡುಗಕ್ಕನಂಥವರನ್ನು ಲೋಕ ಮುಂಗೋಪಿಗಳೆಂದು ದೂರವಿಡುತ್ತದೆ. ನಾವೋ ಮೆಲುದನಿಯವರು, ಮರುಕದವರು. ಹೊದಿಕೆ ಹಾಸಿ ಹಾಲಿಟ್ಟು ಮನೆಗೆ ಹೋಗಿ ನೆಮ್ಮದಿಯಾಗಿ ನಿದ್ದೆ ಮಾಡುವವರು. ನಮ್ಮ ಒಳ್ಳೆಯತನ ಅಲ್ಲಿಗೆ ಮುಗಿಯುತ್ತದೆ. ಅದು ಎಲ್ಲಿಗೆ ಮುಟ್ಟಿತೆಂದು ಮರುದಿನ ಬೆಳಿಗ್ಗೆ ಹೋಗಿ ನೋಡುವವರು ಅವರು, ಮತ್ತು ನಾವು ಮುಚ್ಚುವ ಬಾಗಿಲಿಗೆ ಸಿಗುವುದು ಯಾವಾಗಲೂ ಅವರದೇ ತೋಳು.