ತರಲೆ ಟ್ಯೂಬು

ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಆಸ್ಪತ್ರೆಯಿಂದ ಬರುವ ರಕ್ತದ ಟ್ಯೂಬುಗಳ ಮೇಲೆ ರೋಗಿಯ ಹೆಸರಿರುವುದಿಲ್ಲ, ಬರೀ ನಂಬರು. ಯಾವ ಔಷಧಿ ಬೆರೆಸಿ ನೋಡಿದರೂ ಜಗ್ಗದ ಒಂದು ನಂಬರಿಗೆ ಅಲ್ಲಿನ ವಿಜ್ಞಾನಿ ‘ತರಲೆ’ ಎಂದು ಹೆಸರಿಟ್ಟು, ತಿಂಗಳುಗಟ್ಟಲೆ ಬೈದುಕೊಂಡೇ ಕೆಲಸ ಮಾಡಿದ್ದಳು. ಕೊನೆಗೊಂದು ಔಷಧಿ ನಾಟಿದ ದಿನ, “ತರಲೆ ದಾರಿಗೆ ಬಂತು!” ಎಂದು ಆಸ್ಪತ್ರೆಯ ಡಾಕ್ಟರಿಗೆ ಫೋನಿನಲ್ಲೇ ಕೂಗಿದ್ದಳು.

ಇಂದು ಡಾಕ್ಟರು ಅವಳನ್ನು ವಾರ್ಡಿಗೆ ಎಳೆದುಕೊಂಡೇ ಬಂದರು. ಗುಣವಾಗಿ ಮನೆಗೆ ಹೊರಟ ಮುದುಕರೊಬ್ಬರು ಚಪ್ಪಲಿ ಮೆಟ್ಟುತ್ತಿದ್ದರು.

“ತಾತ, ನಿಮಗೆ ಮದ್ದು ಹುಡುಕಿದೋರು ಇವರೇ. ತರಲೆ ಅಂತ ಹೆಸರಿಟ್ಟೋರೂ ಇವರೇ!”

ಅವಳು ನಾಚಿಕೆಯಿಂದ ಭೂಮಿಗಿಳಿದು ಹೋದಳು.

ಮುದುಕರು ಬಿದ್ದುಬಿದ್ದು ನಕ್ಕು, ಅವಳ ಎರಡೂ ಕೈ ಹಿಡಿದುಕೊಂಡರು. “ನಮ್ಮಮ್ಮ ಹೋದ್ಮೇಲೆ ನನ್ನನ್ನ ಹಾಗೆ ಕರೆಯೋರೇ ಇರ್ಲಿಲ್ಲ ಕಣಮ್ಮಾ. ಎಲ್ಲಿ, ಇನ್ನೊಂದ್ಸಲ ಕರಿ.”